ಗುಸ್ಟಿ ಅರಮನೆ ನೋಡಿದ್ದು

ವಿಯೆನ್ನಾದ ಮೈಡ್ಲಿಂಗ್ ಬಡಾವಣೆಯ ಮಾರುಕಟ್ಟೆಯಲ್ಲಿ ಬೋಟಿ ಅಂಗಡಿ ಗುಸ್ಟಿಯನ್ನು ತಿಳಿಯದವರಿರಲಿಲ್ಲ. ಪೂರ್ತಿ ಹೆಸರು ಔಗುಸ್ಟಾ ನವ್ರಾಟಿಲ್. ಮದುವೆಗೆ ಮುಂಚಿನಿಂದ ಹಿಡಿದು ಮೊಣಕಾಲು ಸೋಲುವ ತನಕ ಅವಳು ಅದೇ ಅಂಗಡಿಯ ಹಿಂಬದಿಯ ತೊಟ್ಟಿಯ ಮುಂದೆ ನಿಂತು ಹಂದಿಯ ಕರುಳು ಮಗುಚಿ ತೊಳೆದಳು, ಕರುವಿನ ಗುಂಡಿಗೆ ಸೀಳಿದಳು, ದನದ ಜಠರವನ್ನು ಕುದಿನೀರಿನಲ್ಲಿ ಅದ್ದಿ ಕೆರೆದಳು. ಹೊಸದಾಗಿ ಸೇರಿದ ಹುಡುಗಿಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡರೆ, “ಏನಮ್ಮಾ, ನಿನ್ನ ಹೊಟ್ಟೇಲೇನು ಗುಲಾಬಿ ತೋಟ ಇದ್ಯಾ? ಎಲ್ಲರೊಳಗೂ ಇದೇ ಸರಕು,” ಎಂದು ನಗುತ್ತಿದ್ದಳು. ಹೇಸಿಗೆ ಎನ್ನುವುದು ಅರವತ್ತು ದಾಟುವವರೆಗೂ ಅವಳಿಗೆ ಪರಿಚಯವಿರಲಿಲ್ಲ. ಪರಿಚಯವಾದದ್ದು ಗಂಡನ ಗಲ್ಲಮೀಸೆಯಿಂದ.

ಗಂಡ ಒತ್ಮಾರ್ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ಎಲ್ಲರಂತೆ ಮಾಮೂಲಿ ಕೋಟು ಹಾಕಿಕೊಂಡು ಹತ್ತಿ, ಬಾಗಿಲು ಮುಚ್ಚಿದ ಮೇಲೆ ಬಿಲ್ಲೆ ತೋರಿಸಿ ಕೈ ಚಾಚುವ ಕೆಲಸ. ವಿಯೆನ್ನಾದಲ್ಲಿ ಈ ಕೆಲಸದವರನ್ನು ಕಂಡರೆ ಟಿಕೆಟ್ ಇದ್ದವರಿಗೂ ಆಗುವುದಿಲ್ಲ. ಮುದುಕಿಯರು ಶಪಿಸುತ್ತಿದ್ದರು, ಕುಡುಕರು ಬೂಟಿನ ಮೇಲೆ ಉಗಿಯುತ್ತಿದ್ದರು. ಜೋಡಿಯಾಗಿ ಅವನೊಂದಿಗೆ ಇರುತ್ತಿದ್ದವನು, ಅವನನ್ನು ಒಟ್ಟಿ ಎಂದು ಕರೆಯುತ್ತಿದ್ದವನು ಪೆಪಿ ವೊಟ್ರುಬಾ. ಒಬ್ಬ ಮುಂದಿನ ಬಾಗಿಲು, ಒಬ್ಬ ಹಿಂದಿನ ಬಾಗಿಲು. ಗುಸ್ಟಿಯ ಮದುವೆಗೆ ಸಾಕ್ಷಿಯಾಗಿ ನಿಂತವನೂ ಪೆಪಿಯೇ. ಭಾನುವಾರ ಬಂದು ಅವಳ ಕೈಯ ಬೋಟಿ ಸಾರು ಉಂಡು, ರೊಟ್ಟಿಯಿಂದ ತಟ್ಟೆ ಸವರಿ ಕನ್ನಡಿ ಮಾಡಿಟ್ಟು ಹೋಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದ, ಕೆಲಸ ಹೋಯಿತು, ಮನೆಯೂ ಹೋಯಿತು. ಎಲ್ಲಿದ್ದಾನೆಂದು ಗುಸ್ಟಿ ಕೇಳಿದಾಗಲೆಲ್ಲ ಒತ್ಮಾರ್ ಭುಜ ಹಾರಿಸುತ್ತಿದ್ದ.

ನಿವೃತ್ತಿಯಾದ ಮೇಲಿನ ಮೊದಲ ಚಳಿಗಾಲ. ಪಿಂಚಣಿದಾರರ ಸಂಘದ ವೇಷದ ಕುಣಿತಕ್ಕೆಂದು ಒತ್ಮಾರ್ ಗದ್ದ ಮಾತ್ರ ಬೋಳಿಸಿ, ಎರಡೂ ಕೆನ್ನೆಗೆ ಬಿಳಿ ರೆಕ್ಕೆಯಂಥ ಗಲ್ಲಮೀಸೆ ಬಿಟ್ಟ. ಸಭಾಂಗಣದ ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಜನ ಎದ್ದು ನಿಂತರು. “ಅಯ್ಯೋ, ಸಾಕ್ಷಾತ್ ಫ್ರಾಂಝ್ ಯೋಸೆಫ್!” ಅಲ್ಲಿದ್ದ ಮುದುಕರಲ್ಲಿ, ಸುಮಾರು ನೂರು ವರ್ಷದ ಹಿಂದೆ ಸತ್ತ ಆ ಚಕ್ರವರ್ತಿಯನ್ನು ಕಂಡವರು ಯಾರೂ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಆದರೂ ಒಬ್ಬಾಕೆ ಲಂಗದ ಅಂಚು ಎತ್ತಿ ಮಂಡಿ ಬಗ್ಗಿಸಿ ವಂದಿಸಿದಳು. ಅವತ್ತು ಒತ್ಮಾರನ ಮುಖದಲ್ಲಿ ಕಂಡ ಬೆಳಕನ್ನು ಗುಸ್ಟಿ ಮದುವೆಯ ದಿನವೂ ಕಂಡಿರಲಿಲ್ಲ.

ಸುದ್ದಿ ಸ್ಟೀಬಿಟ್ಸ್ ಎಂಬವನ ಕಿವಿಗೆ ಬಿತ್ತು. ಪ್ರವಾಸಿಗರಿಗೆ ‘ಚಕ್ರವರ್ತಿಯ ಜೊತೆ ಔತಣ’ ಏರ್ಪಡಿಸುವವನು ಅವನು. ಒಂದು ತಿಳಿನೀಲಿ ಸಮವಸ್ತ್ರ, ಎದೆಗೆ ತಗಡಿನ ಪದಕಗಳು, ಬಿಳಿ ಕೈಗವಸು ಕೊಟ್ಟು ಒತ್ಮಾರನನ್ನು ಊರ ನಡುವಿನ ಹೋಫ್‌ಬುರ್ಗ್ ಅರಮನೆಯ ಹೆಬ್ಬಾಗಿಲ ಹೊರಗೆ ನಿಲ್ಲಿಸಿದ. ಹಗಲು ಅಲ್ಲಿ ಪ್ರವಾಸಿಗರ ಜೊತೆ ಫೋಟೋ, ಸಂಜೆ ಬಾಡಿಗೆ ಹಾಲ್‌ನಲ್ಲಿ ಊಟದ ಮೇಜುಗಳ ನಡುವೆ ಓಡಾಟ. ಚಕ್ರವರ್ತಿಯ ಹೆಂಡತಿ ಸಾಮ್ರಾಜ್ಞಿ ಸಿಸಿಯ ವೇಷಕ್ಕೆ ರೊಮಾನಾ ಎಂಬ ಹೆಂಗಸು. ಮೊದಲಿಗೆ ಗುಸ್ಟಿಗೆ ಸಂತೋಷವೇ ಆಯಿತು. ಜೀವಮಾನವೆಲ್ಲ ಉಗಿಸಿಕೊಂಡವನು, ಈಗಲಾದರೂ ನಾಲ್ಕು ಜನ ನಗುನಗುತ್ತ ಮಾತಾಡಿಸಲಿ ಎಂದುಕೊಂಡಳು.

ಆದರೆ ಅವನು ವೇಷವನ್ನು ಮೈಡ್ಲಿಂಗಿಗೂ ತಂದ.

“ಇವತ್ತೂ ಬೋಟಿ ಸಾರಾ?” ಎಂದ ಒಂದು ಮಧ್ಯಾಹ್ನ, ತಟ್ಟೆಯನ್ನು ಒಂದೇ ಬೆರಳಿನಿಂದ ದೂಡಿ. “ನಮಗೆ ಬೇಯಿಸಿದ ದನದ ಮಾಂಸ ಹಿತ. ಹಿಂಬದಿಯ ಎಳೇದು.”

“ನಮಗೆ ಅಂದ್ರೆ ಯಾರಿಗಪ್ಪಾ? ನಿನಗೂ ನಿನ್ನ ಮೀಸೆಗೂನಾ?”

ಅವನು ನಗಲಿಲ್ಲ. ಅಂದಿನಿಂದ ದಿನವೂ ಬೇಯಿಸಿದ ಮಾಂಸ. ಚಕ್ರವರ್ತಿ ಚಮಚ ಕೆಳಗಿಟ್ಟರೆ ಪಂಕ್ತಿಯಲ್ಲಿ ಎಲ್ಲರೂ ಉಣ್ಣುವುದನ್ನು ನಿಲ್ಲಿಸಬೇಕಿತ್ತಂತೆ. ಆ ಕತೆ ಕೇಳಿಕೊಂಡು ಬಂದವನು, ತಾನು ಬಾಯಿ ಒರೆಸಿಕೊಂಡ ಕೂಡಲೇ ಹೆಂಡತಿಯ ಅರೆ ಊಟದ ತಟ್ಟೆಯ ಕಡೆ ಹುಬ್ಬೇರಿಸಿ ನೋಡತೊಡಗಿದ. ಗುಸ್ಟಿ ಬೇಕೆಂದೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಬಾಡಿಗೆಯ ಅಂಗಿ. ಊಟ ಮುಗಿಸಿ ಎದ್ದರೆ, ಆ ಹಳೆಯ ಚಕ್ರವರ್ತಿ ಊರೂರಿನಲ್ಲಿ ಹೇಳುತ್ತಿದ್ದನೆಂದು ವಿಯೆನ್ನಾದ ಮಕ್ಕಳಿಗೂ ಗೊತ್ತಿರುವ ಮಾತನ್ನೇ ಮೂಗಿನಿಂದ ಹೇಳುವನು: “ಬಹಳ ಚೆನ್ನಾಗಿತ್ತು. ನಮಗೆ ಬಹಳ ಸಂತೋಷವಾಯಿತು.”

ಅದನ್ನು ಹೇಳುವಾಗ ಗಲ್ಲಮೀಸೆಯ ತುದಿಯಲ್ಲಿ ಸಾರಿನ ಜಿಡ್ಡು ತೂಗುತ್ತಿರುತ್ತಿತ್ತು. ಮೀಸೆಗೆ ಹಚ್ಚುವ ಮೇಣ, ಅದಕ್ಕೆ ಅಂಟಿದ ಸಾರು, ಸಾರಿಗೆ ಅಂಟಿದ ಬ್ರೆಡ್ಡಿನ ಪುಡಿ. ಗುಸ್ಟಿ ಮುಖ ತಿರುಗಿಸುತ್ತಿದ್ದಳು. ಇದೇನು ಹೊಸದು ಎಂದು ಅವಳಿಗೇ ಆಶ್ಚರ್ಯ.

ಎಲ್ಲಕ್ಕಿಂತ ಕೆಟ್ಟವು ಕೈಗವಸುಗಳು. ದಿನಕ್ಕೆ ಎಷ್ಟೋ ಜನ ಅವನ್ನು ಮುಟ್ಟುತ್ತಿದ್ದರು, ಹಿಡಿಯುತ್ತಿದ್ದರು, ತಮಾಷೆಗೆ ಮುತ್ತಿಡುತ್ತಿದ್ದರು. ರಾತ್ರಿ ಚೀಲದಿಂದ ಬೀಳುತ್ತಿದ್ದ ಜೋಡಿಗಳಲ್ಲಿ ತುಟಿಯ ಬಣ್ಣ, ಸಾಸಿವೆ, ಐಸ್‌ಕ್ರೀಮು, ಯಾರದೋ ಮಗುವಿನ ಸಿಂಬಳ. ಗುಸ್ಟಿ ಅವನ್ನು ನೆನೆಹಾಕಿ ಉಜ್ಜಿ ಹಿಂಡಿ ಒಣಹಾಕುವಳು. ಕರುಳು ತೊಳೆದರೆ ಕೊನೆಗೊಂದು ಊಟವಾಗುತ್ತಿತ್ತು. ಇದನ್ನು ತೊಳೆದರೆ ಮರುದಿನ ಮತ್ತೆ ಮುತ್ತಿಡಿಸಿಕೊಳ್ಳಲು ಹೊರಡುತ್ತಿತ್ತು.

ಪಕ್ಕದ ಮನೆಯ ಫ್ರಾವ್ ಬ್ಲಾಹಾ ಮೆಟ್ಟಿಲಲ್ಲಿ ಸಿಕ್ಕಾಗ ಕೆಣಕುತ್ತಿದ್ದಳು. “ಏನ್ರೀ ಫ್ರಾವ್ ನವ್ರಾಟಿಲ್, ಪ್ರಭುಗಳು ಎದ್ರಾ? ಕಸದ ಡಬ್ಬಿ ಹೊರಗಿಡೋಕೆ ಅರಮನೆಯಿಂದ ಆಳು ಬರ್ತಾರಾ?”

“ಆಳು ಬಂದಾಯ್ತಲ್ಲ, ಇಲ್ಲೇ ನಿಂತಿದೀನಿ ನೋಡಿ,” ಎಂದು ಗುಸ್ಟಿ ಡಬ್ಬಿ ಎತ್ತಿಕೊಂಡು ಇಳಿಯುತ್ತಿದ್ದಳು.

ಆ ವಸಂತದಲ್ಲಿ ಗುಸ್ಟಿಯ ತಂಗಿ ಮಿಟ್ಸಿ ತೀರಿಕೊಂಡಳು. ಬಹಳ ದಿನ ನರಳಿ ಹೋದ ಜೀವ. ಮಣ್ಣು ಹಾಕಿದ ಮೇಲೆ ಮನೆಯವರು ಸಾಲಾಗಿ ನಿಂತರು, ಬಂದವರೆಲ್ಲ ಕೈಹಿಡಿದು ಸಮಾಧಾನ ಹೇಳಿ ಮುಂದೆ ಸಾಗಿದರು. ಒತ್ಮಾರ್ ಕರಿ ಕೋಟಿನಲ್ಲಿ, ಬಾಚಿ ತಿದ್ದಿದ ಗಲ್ಲಮೀಸೆಯಲ್ಲಿ ಬಂದು, ಮಿಟ್ಸಿಯ ಗಂಡನ ಎದುರು ನಿಂತು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ತಲೆಯಾಡಿಸಿದ.

“ಬಹಳ ಚೆನ್ನಾಗಿತ್ತು,” ಎಂದ. “ನಮಗೆ ಬಹಳ ಸಂತೋಷವಾಯಿತು.”

ಬಾಯಿತಪ್ಪಿ ಬಂದ ಮಾತಾಗಿದ್ದರೆ ಅವನ ಮುಖ ಕಪ್ಪಿಡಬೇಕಿತ್ತು. ಕಪ್ಪಿಡಲಿಲ್ಲ. ಮುಂದಿನವರ ಕಡೆ ಅದೇ ಗತ್ತಿನಲ್ಲಿ ಹೆಜ್ಜೆ ಹಾಕಿದ. ಮಿಟ್ಸಿಯ ಗಂಡ ಏನೂ ಅರ್ಥವಾಗದೆ ಗುಸ್ಟಿಯನ್ನು ನೋಡಿದ. ಗುಸ್ಟಿಗೆ ಅಳುವೂ ನಿಂತುಹೋಯಿತು. ಟ್ರಾಮಿನಲ್ಲಿ ಗಂಡನ ಪಕ್ಕ ಕೂರದೆ ಬಾಗಿಲ ಬಳಿ ಕಂಬ ಹಿಡಿದು ನಿಂತೇ ಮನೆಗೆ ಬಂದಳು.

ಮನೆಗೆ ಬಂದ ಮೇಲೆ ಬಾಯಿಬಿಟ್ಟಳು. “ಸ್ಮಶಾನದಲ್ಲೂ ನಿನ್ನ ನಾಟಕಾನಾ? ಮನುಷ್ಯನಾ ನೀನು?”

“ಘನತೆ ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ಲ, ಗುಸ್ಟಿ. ಗೊತ್ತಾಗೋದಾದ್ರೂ ಹೇಗೆ? ಇದೇ ಊರಲ್ಲಿ ಹುಟ್ಟಿ ಅರಮನೆ ಒಳಗೆ ಒಂದು ಸಲ ಕಾಲಿಟ್ಟಿಲ್ಲ. ಬಾ, ನಾನೇ ತೋರಿಸ್ತೀನಿ. ಒಂದು ಸಲ ನೋಡಿದ್ರೆ ನಿನಗೂ ತಿಳಿಯುತ್ತೆ.”

ಕಾಲಿಟ್ಟಿರಲಿಲ್ಲ ಎನ್ನುವುದು ನಿಜ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋದ ದಿನ ಅವಳಿಗೆ ಮಂಗನಬಾವು ಬಂದಿತ್ತು. ಆಮೇಲೆ ಹೊತ್ತು ಸಿಗಲಿಲ್ಲ, ಮನಸ್ಸೂ ಬರಲಿಲ್ಲ. ಈಗ ಹೊರಟದ್ದು ಹಟಕ್ಕೆ. ಅದೇನು ಇದೆಯೋ, ಈ ಮನುಷ್ಯನ ತಲೆ ಕೆಡಿಸಿದ್ದು, ಕಣ್ಣಾರೆ ನೋಡೇ ಬಿಡೋಣ ಎಂದು.

ಹೋದದ್ದು ಬೆಳಗ್ಗೆ, ಒತ್ಮಾರನ ಕೆಲಸ ಶುರುವಾಗುವ ಮೊದಲು. ಸಮವಸ್ತ್ರದ ಮೇಲೆ ಉದ್ದ ಕೋಟು ತೊಟ್ಟು ಅವನು ಮುಂದೆ. ತೊಳೆದ ಕೈಗವಸುಗಳ ಚೀಲ ಹಿಡಿದು ಅವಳು ಹಿಂದೆ. ಪ್ರವಾಸಿಗರ ಹಿಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಿವಿಗೆ ವಿವರಣೆ ಹೇಳುವ ಯಂತ್ರ ಹಚ್ಚಿಕೊಂಡು ಕಾಲೆಳೆಯುತ್ತ ಸಾಗುತ್ತಿತ್ತು. ಕೆಂಪು ರೇಷ್ಮೆಯ ಗೋಡೆ, ಚಿನ್ನದ ಬಳ್ಳಿ, ಬಿಳಿ ಪಿಂಗಾಣಿಯ ಒಲೆ. ಮತ್ತೆ ಕೆಂಪು ಗೋಡೆ, ಮತ್ತೆ ಚಿನ್ನ. ಮಳೆಯಲ್ಲಿ ನೆನೆದ ಜಾಕೆಟ್ಟುಗಳ ಮುಗ್ಗುಲು, ಸುಗಂಧ, ಯಾರೋ ಬೆಳಗ್ಗೆ ತಿಂದ ಬೆಳ್ಳುಳ್ಳಿ. ಕೆಲವರು ಅಕ್ಕಪಕ್ಕದವರಿಗೆ ಮೊಣಕೈಯಿಂದ ತಿವಿದು ಒತ್ಮಾರನ ಕಡೆ ತೋರಿಸಿದರು. ಅವನು ನಡಿಗೆ ನಿಧಾನಿಸಿದ, ಕೋಟಿನ ಗುಂಡಿ ಬಿಚ್ಚಿದ.

ಚಕ್ರವರ್ತಿಯ ಮಲಗುವ ಕೋಣೆಯಲ್ಲಿ ಹಗ್ಗದಾಚೆ ಒಂದು ಕಬ್ಬಿಣದ ಮಂಚವಿತ್ತು. ಸಿಪಾಯಿಗಳದ್ದರಂತೆ ಸಾದಾ. ಮುಂದಿದ್ದ ಹೆಂಗಸು “ಪಾಪ!” ಎಂದು ನಿಟ್ಟುಸಿರಿಟ್ಟಳು. ಅಷ್ಟು ದೊಡ್ಡ ದೊರೆ, ಎಷ್ಟು ಸರಳ ಬದುಕು ಎಂದು ಎಲ್ಲರೂ ತಲೆದೂಗಿದರು.

“ನಮ್ಮ ಮಂಚ,” ಎಂದ ಒತ್ಮಾರ್, ಸುತ್ತಲಿನವರಿಗೂ ಕೇಳುವಂತೆ.

“ನಿನ್ನ ಮಂಚ ಮೈಡ್ಲಿಂಗಲ್ಲಿದೆ. ಅದರ ಸ್ಪ್ರಿಂಗ್ ಹೋಗಿ ವರ್ಷವಾಯ್ತು, ಸರಿ ಮಾಡಿಸು,” ಎಂದಳು ಗುಸ್ಟಿ.

ಅವಳ ಅಜ್ಜಿ ಬೊಹಿಮಿಯಾದಿಂದ ಬಂದು ವೀನರ್‌ಬರ್ಗ್ ಗುಡ್ಡದ ಇಟ್ಟಿಗೆ ಗೂಡುಗಳಲ್ಲಿ ದುಡಿದವಳು. ಚಳಿಗಾಲದಲ್ಲಿ ಗೂಡಿನ ಬಿಸಿಗೋಡೆಗೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಮಲಗುತ್ತಿದ್ದರಂತೆ, ಗಂಡಸು ಹೆಂಗಸು ಮಕ್ಕಳೆಲ್ಲ ಒಟ್ಟಿಗೆ. ಅದೂ ಇದೇ ಚಕ್ರವರ್ತಿಯ ಕಾಲದಲ್ಲಿಯೇ. ಆ ಹುಲ್ಲಿಗೆ ಯಾರೂ ಹಗ್ಗ ಕಟ್ಟಿ ಟಿಕೆಟ್ ಇಡಲಿಲ್ಲ. ಇಲ್ಲಿ ಕೋಣೆಗಳಿಗೆ ಕೊನೆಯಿಲ್ಲ, ಆದರೂ ಒಂದು ಕಬ್ಬಿಣದ ಮಂಚಕ್ಕೆ ಜನ ಕಣ್ಣೀರಿಡುತ್ತಾರೆ. ಮುಂಜಾನೆಯ ಕತ್ತಲಲ್ಲಿ ಸ್ನಾನದ ತೊಟ್ಟಿ ಹೊತ್ತು ತಂದು ದೊರೆಯ ಬೆನ್ನುಜ್ಜಲು ಒಬ್ಬ ಆಳಿದ್ದನೆಂದು ಕಿವಿಯ ಯಂತ್ರ ಹೇಳಿತು. ಆ ಆಳು ಎಲ್ಲಿ ಮಲಗುತ್ತಿದ್ದ ಎಂದು ಹೇಳಲಿಲ್ಲ. ಗುಸ್ಟಿ ಯಂತ್ರವನ್ನು ಕಿವಿಯಿಂದ ತೆಗೆದಳು.

ಸಾಮ್ರಾಜ್ಞಿಯ ಕೋಣೆಗಳಲ್ಲಿ ನಿಟ್ಟುಸಿರು ಇನ್ನೂ ಜಾಸ್ತಿ. ಅವಳ ಸೊಂಟ ಎಷ್ಟು ಸಣ್ಣ, ಕೂದಲು ಎಷ್ಟು ಉದ್ದ, ಮನಸ್ಸಿಗೆ ಎಷ್ಟು ನೋವು. ಸಿಸಿ ಜೋತುಬಿದ್ದು ಕಸರತ್ತು ಮಾಡುತ್ತಿದ್ದ, ಬಾಗಿಲ ಚೌಕಟ್ಟಿಗೆ ತೂಗುಹಾಕಿದ ಬಳೆಗಳ ಮುಂದೆ ಹುಡುಗಿಯರು ಬಾಯಿ ಚೂಪು ಮಾಡಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಊಟದ ಮೇಜು. ಬೆಳ್ಳಿ, ಗಾಜು, ಮಡಿಸಿಟ್ಟ ಕರವಸ್ತ್ರಗಳು, ಒಂದು ಕಲೆಯಿಲ್ಲ, ಒಂದು ತುತ್ತಿಲ್ಲ. ಇಷ್ಟು ಚೊಕ್ಕಟವಾದ ಜಾಗದಲ್ಲಿ ಹೇಸಿಗೆಯಾಗುವುದು ಯಾಕೆಂದು ಗುಸ್ಟಿಗೆ ತಿಳಿಯಲಿಲ್ಲ. ಸಕ್ಕರೆ ಪಾಕದಲ್ಲಿ ಬಿದ್ದ ನೊಣದ ಹಾಗೆ ಕೈಕಾಲು ಅಂಟಂಟಾಗಿತ್ತು.

“ಹೇಗಿದೆ?” ಎಂದ ಒತ್ಮಾರ್ ಹೊರಗೆ ಬಂದ ಮೇಲೆ.

“ಗಾಳಿ ಬೇಕು ನಂಗೆ.”

ಹೆಬ್ಬಾಗಿಲ ಹೊರಗೆ ಬಾಡಿಗೆ ಕುದುರೆಗಾಡಿಗಳು ಸಾಲಾಗಿ ನಿಂತಿದ್ದವು. ಕುದುರೆ ಉಚ್ಚೆಯ ವಾಸನೆ ಮೂಗಿಗೆ ಬಡಿದಾಗ ಗುಸ್ಟಿಗೆ ಜೀವ ಬಂದಂತಾಯಿತು. ರೊಮಾನಾ ಬಿಳಿ ಗೌನಿನಲ್ಲಿ ಗೋಡೆಗೊರಗಿ ಸಿಗರೇಟು ಸೇದುತ್ತ, ಉದ್ದ ಟೋಪನ್ನಿನೊಳಗೆ ಪೆನ್ನು ತೂರಿಸಿ ಕೆರೆದುಕೊಳ್ಳುತ್ತಿದ್ದಳು.

“ನೀವೇನಾ ನಮ್ಮ ಪ್ರಭುಗಳ ಮನೆಯವರು?” ಎಂದು ಕೈ ಚಾಚಿದಳು. “ಮುಟ್ಟಬೇಡಿ ಅಂದ್ರೂ ಎಲ್ಲ ಈ ಕೂದಲು ಮುಟ್ತಾರೆ. ಹೇನಾಗಿದೆ ಅಂತ ಸ್ಟೀಬಿಟ್ಸ್‌ಗೆ ಹೇಳಿದ್ರೆ, ಸಿಸಿಗೂ ಇದ್ವು ಬಿಡು ಅಂತಾನೆ!”

ಒತ್ಮಾರ್ ಕೋಟು ಕಳಚಿ ಗುಸ್ಟಿಯ ಕೈಗೆ ಕೊಟ್ಟು, ಟೋಪಿ ಇಟ್ಟು, ಕೈಗವಸು ಏರಿಸಿಕೊಂಡು ನಿಂತ. ಜನ ಮುತ್ತಿದರು. ಒಬ್ಬೊಬ್ಬರಿಗೂ ಗದ್ದ ಎತ್ತಿ, ಕೈ ಮುಂದೆ ಮಾಡಿ, ಅದೇ ಮಾತು. ಗುಸ್ಟಿ ಹೊರಡಬೇಕು ಎಂದುಕೊಳ್ಳುವಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ಒಡಕು ದನಿ ಕೇಳಿತು.

“ಒಟ್ಟಿ! ಲೋ ಒಟ್ಟಿ! ನಾನು ಕಣೋ!”

ಪೆಪಿ ವೊಟ್ರುಬಾ. ಗುಸ್ಟಿಗೆ ಗುರುತು ಸಿಕ್ಕಿದ್ದು ದನಿಯಿಂದ. ಹಲ್ಲುಗಳು ಹೋಗಿದ್ದವು, ಬೂಟಿಗೆ ಹಗ್ಗ ಕಟ್ಟಿತ್ತು, ಮೈಯಿಂದ ಹುಳಿ ವೈನಿನ ನಾತ. ಜನ ದಾರಿ ಬಿಟ್ಟು ಸರಿದರು. ಅವನು ನಗುತ್ತ ಎರಡೂ ತೋಳು ಚಾಚಿಕೊಂಡು ಬಂದ.

ಒತ್ಮಾರ್ ಅವನನ್ನು ನೋಡಿದ. ಗುರುತು ಹಿಡಿದದ್ದು ಕಣ್ಣಲ್ಲಿ ಸ್ಪಷ್ಟವಾಗಿತ್ತು. ಆದರೆ ಹೆಜ್ಜೆ ಮುಂದಿಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಮೊಣಕೈ ಮಡಿಸಿ, ಕೈಗವಸಿನ ಕೈಯನ್ನು ಪೆಪಿಯ ಎದೆಯ ಮಟ್ಟಕ್ಕೆ ಚಾಚಿ ಕಾದ. ಸುತ್ತ ಫೋನುಗಳು ಮೇಲೆದ್ದವು. ಪೆಪಿಯ ತೋಳುಗಳು ಇಳಿದವು. ಆ ಕಡೆ ಈ ಕಡೆ ನೋಡಿ, ಇದು ಆಟವೇ ಇರಬೇಕು, ಆಡಿದರೆ ಏನಾದರೂ ಸಿಗಬಹುದು ಎಂದುಕೊಂಡನೋ ಏನೋ, ಟೋಪಿ ತೆಗೆದು ಬಗ್ಗಿ ಆ ಕೈಗೆ ಮುತ್ತಿಟ್ಟ. ಗುಂಪು ಘೊಳ್ಳೆಂದು ನಕ್ಕಿತು.

“ಬಹಳ ಚೆನ್ನಾಗಿತ್ತು,” ಎಂದ ಒತ್ಮಾರ್. “ನಮಗೆ ಬಹಳ ಸಂತೋಷವಾಯಿತು.”

ಆಮೇಲೆ ಪಕ್ಕಕ್ಕೆ ತಿರುಗಿ, ಆ ಕೈಗವಸನ್ನು ತುದಿಬೆರಳಿನಿಂದ ಸುಲಿದು ಗುಸ್ಟಿಯ ಕಡೆ ನೀಡಿ, ಮೆಲುದನಿಯಲ್ಲಿ, “ಬೇರೇದು ಕೊಡು. ಇದು ಗಲೀಜಾಯ್ತು,” ಎಂದ.

ಗುಸ್ಟಿ ಚೀಲ, ಕೋಟು ಎರಡನ್ನೂ ನೆಲಕ್ಕೆ ಬಿಟ್ಟು, ಗೋಡೆಯ ಹತ್ತಿರ ಓಡಿ, ಒಂದು ಕೈಯನ್ನು ಅದಕ್ಕೆ ಊರಿ ಕಕ್ಕಿದಳು. ಬೆಳಗಿನ ಕಾಫಿ, ಬೆಣ್ಣೆ ರೊಟ್ಟಿ, ಎಲ್ಲ. ಕಕ್ಕಿದ ಮೇಲೂ ವಾಕರಿಕೆ ನಿಲ್ಲಲಿಲ್ಲ. ಹಿಂದಿನಿಂದ ಒತ್ಮಾರನ ಪಿಸುದನಿ: “ಏಳು ಗುಸ್ಟಿ, ಮರ್ಯಾದೆ ತೆಗೀಬೇಡ. ಜನ ನೋಡ್ತಿದಾರೆ.”

ಬೆನ್ನು ನೀವಿದವಳು ರೊಮಾನಾ. ನೀರಿನ ಬಾಟಲಿ ಹಿಡಿದವನು ಪೆಪಿ. ಅದರ ಬಾಯಿ ಅವನು ಚೀಪಿ ಚೀಪಿ ಮಸುಕಾಗಿತ್ತು. ಗುಸ್ಟಿ ಒರೆಸದೆ ಬಾಯಿಗಿಟ್ಟು ಕುಡಿದಳು.

ಪೆಪಿಯನ್ನು ಕರೆದುಕೊಂಡು ಹತ್ತಿರದ ಸಾಸೇಜ್ ಅಂಗಡಿಗೆ ಹೋದಳು. ಅವನು ಹಲ್ಲಿಲ್ಲದ ಬಾಯಲ್ಲಿ ಬಿಸಿ ಸಾಸೇಜನ್ನು ಊದಿ ಊದಿ ತಿಂದ. ಅವಳು ಕಾದಳು. ಇವನಾದರೂ ಒಂದು ಮಾತು ಬೈದಾನು, ಹಳೆಯ ಗೆಳೆಯನಿಗೆ ಹೀಗೆ ಮಾಡುವುದಾ ಎಂದಾನು ಎಂದು.

“ಅದೃಷ್ಟವಂತ ನಮ್ಮ ಒಟ್ಟಿ,” ಎಂದ ಪೆಪಿ, ಬಾಯಿ ಒರೆಸಿಕೊಂಡು. “ಎಂಥಾ ಅಂಗಿ ನೋಡಿದ್ಯಾ! ಗುಸ್ಟಿ, ನೀನು ಒಂದು ಮಾತು ಹೇಳು ಅವನಿಗೆ. ಗಾಡಿ ಹೊಡೆಯೋನ ವೇಷನಾದ್ರೂ ಕೊಡಿಸ್ತಾನೇನೋ. ಬಗ್ಗೋಕೆ ನಂಗೆ ಬರುತ್ತೆ, ನೋಡಿದ್ಯಲ್ಲ?”

“ನೋಡಿದೆ,” ಎಂದಳು ಗುಸ್ಟಿ. ಅವಳಿಗೆ ಇನ್ನೊಮ್ಮೆ ಹೇಸಿಗೆ ಹುಟ್ಟಿತು. ಈ ಸಲ ಯಾರ ಮೇಲೆ ಎಂದು ಹೇಳಲಾರದೆ ಹೋದಳು. ಇನ್ನೊಂದು ಸಾಸೇಜ್ ಕೊಡಿಸಿ, ಭಾನುವಾರ ಊಟಕ್ಕೆ ಬಾ ಎಂದು ಹೇಳಿ ಟ್ರಾಮು ಹತ್ತಿದಳು.

ಅಂದೇ ಮಧ್ಯಾಹ್ನ ತನ್ನ ಹಾಸಿಗೆಯನ್ನು ಹಿತ್ತಿಲ ಕಡೆಯ ಚಿಕ್ಕ ಕೋಣೆಗೆ ಎಳೆದುಕೊಂಡಳು. ಒತ್ಮಾರ್ ಬಂದಾಗ ಮೇಜಿನ ಮೇಲೆ ಮಾಂಸವೂ ಇರಲಿಲ್ಲ, ತೊಟ್ಟಿಯಲ್ಲಿ ನೆನೆಹಾಕಿದ ಕೈಗವಸೂ ಇರಲಿಲ್ಲ.

“ಏನಿದು?” ಎಂದ.

“ನಿನ್ನ ಊಟ ನೀನು ಬೇಯಿಸ್ಕೋ. ನಿನ್ನ ಕೈ ನೀನು ತೊಳ್ಕೋ. ನಂಗೆ ಆಗಲ್ಲ.”

“ಪೆಪಿ ವಿಷಯಕ್ಕಾ? ಅವನು ನಕ್ಕೊಂಡೇ ಹೋದನಲ್ಲ! ಅಲ್ಲಿ ನಾನು ಒಟ್ಟಿ ಅಲ್ಲ, ಗುಸ್ಟಿ. ವೇಷ ಹಾಕಿದ ಮೇಲೆ ಕುಣೀಲೇಬೇಕು.”

“ಇಲ್ಲಿ ಯಾರು ನೀನು ಹಾಗಾದ್ರೆ?”

ಅವನು ಗಲ್ಲಮೀಸೆ ನೀವಿಕೊಂಡ. ನಾಲ್ಕು ದಿನದ ಕೋಪ, ಇಳಿಯುತ್ತದೆ ಎಂದುಕೊಂಡಿದ್ದ. ಇಳಿಯಲಿಲ್ಲ. ಭಾನುವಾರ ಪೆಪಿ ಊಟಕ್ಕೆ ಬಂದ. ಒತ್ಮಾರ್ ಆ ದಿನ ಹೊರಗೆ ಹೋಗಿದ್ದ. ಪೆಪಿ ಎರಡನೇ ಭಾನುವಾರವೂ ಬಂದ, ಮೂರನೆಯದಕ್ಕೆ ಬರಲಿಲ್ಲ. ಎಲ್ಲಿ ಹೋದನೋ, ಗುಸ್ಟಿ ಎರಡು ಮೂರು ಸಲ ಆ ಹೆಬ್ಬಾಗಿಲ ಸುತ್ತ ಹುಡುಕಿದಳು. ಸಿಗಲಿಲ್ಲ.

ಶರತ್ಕಾಲದಲ್ಲಿ ಸ್ಟೀಬಿಟ್ಸ್‌ಗೆ ಬೇರೆ ಚಕ್ರವರ್ತಿ ಸಿಕ್ಕಿದ. ಒತ್ಮಾರನಿಗಿಂತ ಎತ್ತರ, ಮೂರು ಭಾಷೆಯಲ್ಲಿ ನಗೆಚಾಟಿಕೆ ಮಾಡುವವನು, ಅಂಟಿಸಿದ ಮೀಸೆ. ಒತ್ಮಾರನಿಗೆ ಅದನ್ನು ಫೋನಿನಲ್ಲೇ ಹೇಳಿದರು. ಎರಡು ವಾರ ಅವನು ಹಳೇ ಸ್ವೆಟರಿನಲ್ಲಿ, ತಿದ್ದಿದ ಗಲ್ಲಮೀಸೆಯಲ್ಲಿ ಕಿಟಕಿಯ ಬಳಿ ಕೂತಿದ್ದ. ಆಮೇಲೆ ಒಂದು ಬೆಳಗ್ಗೆ ತಾನೇ ಬೋಳಿಸಿಕೊಂಡು ಬಂದ. ಕೆನ್ನೆ ಎರಡೂ ಬಿಸಿಲು ಕಾಣದೆ ಬೆಳ್ಳಗೆ ಬಿಳುಚಿಕೊಂಡಿದ್ದವು.

“ಹೇಗೆ ಕಾಣ್ತೀನಿ?” ಎಂದು ಕೇಳಿದ.

ಗುಸ್ಟಿ ದಿಟ್ಟಿಸಿ ನೋಡಿದಳು. ಕನಿಕರ ಬರಬಹುದು ಎಂದು ಕಾದಳು, ಬರಲಿಲ್ಲ. “ಕಿವಿ ಹತ್ರ ಸ್ವಲ್ಪ ಉಳಿದಿದೆ,” ಎಂದು ಹೇಳಿ ಕೆಲಸಕ್ಕೆ ತಿರುಗಿದಳು.

ಫ್ರಾವ್ ಬ್ಲಾಹಾ ಒಮ್ಮೆ ಕೇಳಿಯೇ ಬಿಟ್ಟಳು. “ಪಾಪ, ಬೋಳಿಸಿಯೇ ಬಿಟ್ರಲ್ಲ. ಇನ್ನೂ ಯಾಕ್ರೀ ಸಿಟ್ಟು?”

“ಸಿಟ್ಟಾಗಿದ್ರೆ ಯಾವತ್ತೋ ಇಳೀತಿತ್ತು, ಫ್ರಾವ್ ಬ್ಲಾಹಾ. ಅವನು ಬಾಯಿ ಒರೆಸ್ಕೊಂಡ್ರೆ ನಂಗೆ ಇವತ್ತಿಗೂ ಹೇಸಿಗೆಯಾಗುತ್ತೆ. ಏನು ಮಾಡ್ಲಿ ಹೇಳಿ?”

ಮುಂದಿನ ಬೇಸಿಗೆಯಲ್ಲಿ ನೊಯ್‌ಸೀಡ್ಲ್ ಕೆರೆಗೆ ಹೊರಟಾಗ ಬ್ಲಾಹಾ ಗುಸ್ಟಿಯನ್ನೂ ಎಳೆದುಕೊಂಡು ಹೋದಳು. ಸೊಂಟ ಮುಳುಗದಷ್ಟು ಆಳದ ಕೆರೆ, ತಳದ ತುಂಬ ಕೆಸರು. ಇಬ್ಬರೂ ಲಂಗ ಬಿಚ್ಚಿಟ್ಟು ಈಜುಡುಗೆಯಲ್ಲಿ ನೀರಿಗಿಳಿದರು. ಗುಸ್ಟಿಯ ಮೊಣಕಾಲಿಗೆ ಬಿಸಿಲಿಗೆ ಬೆಚ್ಚಗಾದ ನೀರು ಹಾಯೆನಿಸಿತು. ದಡದಲ್ಲಿಟ್ಟ ಫೋನು ಬಡಿದುಕೊಂಡಾಗ ಅವಳು ಅವಸರವಿಲ್ಲದೆ ಮೇಲೆ ಬಂದಳು.

“ಗುಸ್ಟಿ, ಆಲೂಗಡ್ಡೆ ಎಷ್ಟು ಹೊತ್ತು ಬೇಯಿಸೋದು?” ಒತ್ಮಾರನ ದನಿ.

“ಕಡ್ಡಿ ಚುಚ್ಚಿ ನೋಡು. ಒಳಗೆ ಹೋದ್ರೆ ಬೆಂದಿದೆ ಅಂತ.”

“ಯಾವಾಗ ಬರ್ತೀಯ?”

“ಇನ್ನೂ ಗೊತ್ತಿಲ್ಲ.”

ಅವನು ಇನ್ನೂ ಏನೋ ಹೇಳುವವನಿದ್ದ. ಅವಳು ಫೋನನ್ನು ಟವೆಲಿನಲ್ಲಿ ಸುತ್ತಿಟ್ಟು, ಬ್ಲಾಹಾ ಕೂಗುತ್ತಿದ್ದ ಕಡೆಗೆ ಕೆಸರಿನಲ್ಲಿ ಕಾಲೂರುತ್ತ ನಡೆದಳು.